ಶಿಶುವಿಹಾರದ ಉಮೇದುವಾರಿ

ಯಾವ ಕಸುಬೇ ಆಗಲಿ, ಅದನ್ನು ಬಲ್ಲವರ ಮಗ್ಗುಲಲ್ಲಿ ಕೆಲವು ಕಾಲ ಕುಳಿತು, ನೋಡಿ, ಕೈಯಾಡಿಸಿ, ತಪ್ಪಿದಾಗ ತಿದ್ದಿಸಿಕೊಂಡು ಕಲಿಯಬೇಕೆಂಬುದು ನಮ್ಮ ದೇಶಕ್ಕೆ ಹೊಸ ಮಾತೇನೂ ಅಲ್ಲ. ಪಾವಗಡ ತಾಲ್ಲೂಕಿನ ವೈ. ಎನ್. ಹೊಸಕೋಟೆಯಲ್ಲಿ ರೇಷ್ಮೆಯ ಮಗ್ಗದ ಮುಂದೆ ಕುಳಿತ ನೇಕಾರನು ಪುಸ್ತಕವನ್ನೋದಿ ನೇಯ್ಗೆ ಕಲಿತವನಲ್ಲ; ಸಿರಾ ಸೀಮೆಯಲ್ಲಿ ಕಂಬಳಿ ನೇಯುವ ಕೈಗಳೂ ಹಾಗೆಯೇ. ಅಚ್ಚಿನ ಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸಬಯಸುವ ಹುಡುಗನು ಮೊದಲು ಬಹುದಿನ, ಬಳಸಿ ಕಳಚಿದ ಮೊಳೆಗಳನ್ನು ಅವುಗಳ ಗೂಡುಗಳಿಗೆ ಹಿಂದಿರುಗಿಸುವ ಕೆಲಸವನ್ನೇ ಮಾಡುತ್ತಿದ್ದನು. ವೈದ್ಯ ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ಒಂದು ವರ್ಷ ಹಿರಿಯರ ಕೈಕೆಳಗೆ ದುಡಿದಲ್ಲದೆ ವೈದ್ಯನೆನಿಸಿಕೊಳ್ಳನು. ಹಳೆಯ ಮೈಸೂರಿನ ಕಚೇರಿಗಳಲ್ಲಿ ಗುಮಾಸ್ತರ ಪಕ್ಕದಲ್ಲಿ ಕುಳಿತು, ಮುಂದೆ ಹುದ್ದೆ ದೊರೆತೀತೆಂಬ ಆಸೆಯಿಂದ ಕೆಲಸ ಕಲಿಯುತ್ತಿದ್ದವರನ್ನು ಉಮೇದುವಾರರೆಂದು ಕರೆಯುತ್ತಿದ್ದುದನ್ನು ನಮ್ಮ ಹಿರಿಯ ವಾಚಕರು ಬಲ್ಲರು.

ಹೀಗಿರಲು, ಮೂರು ವರ್ಷದ ಮಗುವನ್ನು ತಾಯಿಯ ಸೆರಗಿನಿಂದ ಬಿಡಿಸಿ, ಅದಕ್ಕೆ ಮಾತನ್ನೂ ಎಣಿಕೆಯನ್ನೂ ಕೂಡಿ ಬಾಳುವ ನಡತೆಯನ್ನೂ ಕಲಿಸತಕ್ಕವರ ಉಮೇದುವಾರಿ ಎಲ್ಲಿ ನಡೆಯುತ್ತದೆ? ಯಾರ ಬಳಿಯಲ್ಲಿ ನಡೆಯುತ್ತದೆ? ಎಷ್ಟು ದಿನ ನಡೆಯುತ್ತದೆ? ಈ ಪ್ರಶ್ನೆಯನ್ನು ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ವಾಚಕರ ಮುಂದೆ ಈ ದಿನ ಇಡಬಯಸುತ್ತೇವೆ. ಮಳೆ ಕಡಿಮೆಯಾದ, ರಾಗಿ ಮತ್ತು ಕಡಲೆಕಾಯಿಗಳನ್ನು ನಂಬಿದ, ದುಡಿಮೆಯನ್ನರಸಿ ತಂದೆತಾಯಿಗಳು ಬೆಂಗಳೂರಿಗೆ ಹೊರಡುವ ಈ ಸೀಮೆಯಲ್ಲಿ, ಬಡವನ ಮಗುವಿಗೆ ದೊರೆಯುವ ಮೊದಲ ಪಾಠಶಾಲೆ ಅಂಗನವಾಡಿಯೊಂದೇ. ಅದರ ಗುರುವಿನ ಯೋಗ್ಯತೆಯ ಮೇಲೆಯೇ ಆ ಮಗುವಿನ ಮುಂದಿನ ಹತ್ತು ತರಗತಿಗಳು ನಿಂತಿರುತ್ತವೆ.

ಅಂಗನವಾಡಿಯ ಪೂರ್ವೋತ್ತರವನ್ನು ಸಂಕ್ಷೇಪವಾಗಿ ನೆನೆಯುವುದು ಇಲ್ಲಿ ಅಪ್ರಸ್ತುತವಾಗಲಾರದು. ಭಾವನಗರದಲ್ಲಿ ವಕೀಲಿ ಬಿಟ್ಟು ಮಕ್ಕಳ ಸೇವೆಗೆ ನಿಂತ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದು ಕಲಿತ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಬೋರ್ಡಿ ಎಂಬ ಗ್ರಾಮಕ್ಕೆ ಹೋಗಿ ಅಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಸ್ಥಾಪಿಸಿದರು. ಬಡವರ ಮತ್ತು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಶಾಲೆಯ ಬಾಗಿಲಿಗೆ ಬಾರದೆ ಹೋದಾಗ ಶಾಲೆಯೇ ಆ ಕೇರಿಗಳ ಅಂಗಳಕ್ಕೆ ಹೋಯಿತು. ಅಂಗಳದ ಶಾಲೆಯೆಂಬ ಅರ್ಥದ ಅಂಗನವಾಡಿ ಎಂಬ ಹೆಸರು ಹೀಗೆ ಹುಟ್ಟಿತು. ಅದೇ ವರ್ಷ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಅನುತಾಯಿ ವಾಘ್ ಅವರು ಆ ಪರಂಪರೆಯನ್ನು ಮುಂದುವರಿಸಿದರು. ಗಿಜುಭಾಯಿಯವರಿಂದ ತಾರಾಬಾಯಿಗೆ, ತಾರಾಬಾಯಿಯಿಂದ ಅನುತಾಯಿಗೆ ವಿದ್ಯೆ ಹರಿದುದು ಜೊತೆಯಲ್ಲಿ ನಿಂತು ಮಾಡಿದ ಕೆಲಸದ ಮೂಲಕವೆಂಬುದನ್ನು ಗಮನಿಸತಕ್ಕದ್ದು.

ಪರದೇಶಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜರ್ಮನಿಯ ಫ್ರೋಬೆಲನು ೧೮೩೭ರಲ್ಲಿ ತೆರೆದ ಶಿಶುಶಾಲೆಯೇ ಮುಂದೆ ಕಿಂಡರ್‌ಗಾರ್ಟನ್ ಎಂದು ಲೋಕಪ್ರಸಿದ್ಧವಾಯಿತು. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರು ೧೯೦೭ರಲ್ಲಿ ರೋಮಿನ ಬಡವರ ಕೇರಿಯಲ್ಲಿ ತಮ್ಮ ಮಕ್ಕಳ ಮನೆಯನ್ನು ಪ್ರಾರಂಭಿಸಿದರು. ೧೯೩೯ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ೧೯೪೬ರವರೆಗೆ ಈ ದೇಶದಲ್ಲಿಯೇ ಉಳಿದು ಇಲ್ಲಿನ ಶಿಕ್ಷಕರಿಗೆ ತರಬೇತು ನೀಡಿದರು. ಮಗುವನ್ನು ಮಾತಿಲ್ಲದೆ ಗಂಟೆಗಟ್ಟಲೆ ನೋಡುವುದನ್ನು ಕಲಿಯದವನು ಅದಕ್ಕೆ ಏನನ್ನೂ ಕಲಿಸಲಾರನೆಂಬುದು ಅವರ ಪದ್ಧತಿಯ ಸಾರ. ನಮ್ಮ ಬೆಂಗಳೂರಿನಲ್ಲಿಯೂ ಶ್ರೀಮತಿ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟವನ್ನು ಸ್ಥಾಪಿಸಿ, ಮಕ್ಕಳ ಆಟಪಾಟಗಳು ದೊಡ್ಡವರ ಗಂಭೀರ ವಿಚಾರಕ್ಕೆ ಅರ್ಹವೆಂಬುದನ್ನು ತೋರಿಸಿಕೊಟ್ಟರು.

ಸ್ವತಂತ್ರ ಭಾರತದ ಸರ್ಕಾರವು ೧೯೭೫ನೆಯ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ ೩೩ ಕಡೆಗಳಲ್ಲಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈಗ ಕರ್ನಾಟಕದಲ್ಲಿ ೬೫,೦೦೦ಕ್ಕೂ ಹೆಚ್ಚು ಅಂಗನವಾಡಿಗಳುಂಟು. ೪೦೦ರಿಂದ ೮೦೦ ಜನಸಂಖ್ಯೆಗೆ ಒಂದು ಕೇಂದ್ರ, ಅದಕ್ಕೂ ಕಡಿಮೆಯಾದ ಹಟ್ಟಿ ತಾಂಡಾಗಳಿಗೆ ಕಿರು ಕೇಂದ್ರ, ಪೂರ್ಣ ಕೇಂದ್ರಕ್ಕೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಎಂಬುದು ಯೋಜನೆಯ ಕಟ್ಟಳೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳಲ್ಲಿ ಶಿಕ್ಷಣವೂ ಒಂದು. ಆದರೆ ಆರರಲ್ಲಿ ಐದನ್ನು ತೂಗಿ, ಎಣಿಸಿ, ಬರೆದು ಮೇಲಕ್ಕೆ ಕಳುಹಿಸಬಹುದು. ಮಗು ಈ ದಿನ ಹೊಸದಾಗಿ ಒಂದು ಪ್ರಶ್ನೆ ಕೇಳಿತೆಂಬುದನ್ನು ಬರೆಯುವುದಕ್ಕೆ ಯಾವ ವಹಿಯಲ್ಲಿಯೂ ಕಲಮಿಲ್ಲ. ಆದಕಾರಣ ಎಣಿಸಲಾಗದ ಆ ಒಂದು ಸೇವೆಯೇ ಮೊದಲು ಸೊರಗುತ್ತದೆ.

ಈ ಕಸುಬಿನಲ್ಲಿ ಕಲಿಯುವುದಕ್ಕೆ ಏನಿದೆಯೆಂದು ಕೇಳುವವರುಂಟು. ‘ಮಕ್ಕಳನ್ನು ಹೆತ್ತ ಹೆಂಗಸಿಗೆ ಮಕ್ಕಳನ್ನಾಡಿಸುವುದನ್ನು ಯಾರು ಕಲಿಸಬೇಕು?’ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೂ ಕೇಳಿದ್ದೇವೆ. ತನ್ನ ಒಂದು ಮಗುವನ್ನು ಸಾಕುವುದಕ್ಕೂ, ಹತ್ತಾರು ಮನೆಗಳಿಂದ ಬಂದ ಇಪ್ಪತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಹಿಡಿದು ಕೂರಿಸದೆ ಬೆಳೆಸುವುದಕ್ಕೂ ಇರುವ ಅಂತರವು ಮನೆಯಡಿಗೆಗೂ ಮದುವೆಯಡಿಗೆಗೂ ಇರುವಷ್ಟೇ ದೊಡ್ಡದು.

ಮೊದಲ ವಾರ ಅಳುವ ಮಗುವನ್ನು ಎಷ್ಟು ಹೊತ್ತು ಅಳಲು ಬಿಡಬೇಕು, ಯಾವಾಗ ಎತ್ತಿಕೊಳ್ಳಬೇಕು. ಮೂಲೆ ಹಿಡಿದು ಮಾತಾಡದೆ ಕುಳಿತ ಮಗುವನ್ನು ಬಲವಂತಪಡಿಸದೆ ಆಟಕ್ಕೆ ತರುವುದು ಹೇಗೆ. ಹುಣಿಸೆಬೀಜ, ಬೆಣಚುಕಲ್ಲು, ಹೊಂಗೆಯೆಲೆಗಳಿಂದ ಹೆಚ್ಚು ಕಡಿಮೆಗಳ ಅರಿವನ್ನು ಹುಟ್ಟಿಸುವುದು ಹೇಗೆ. ಕಥೆಯನ್ನು ಯಾವ ಮಾತಿನಲ್ಲಿ ನಿಲ್ಲಿಸಿದರೆ ಮಕ್ಕಳು ತಾವಾಗಿಯೇ ಮುಂದುವರಿಸುತ್ತವೆ. ಬಳಪ ಹಿಡಿಯುವುದಕ್ಕೆ ಮೊದಲು ಮಣ್ಣು ಕಲಸುವುದರಿಂದಲೂ ಮಣಿ ಪೋಣಿಸುವುದರಿಂದಲೂ ಬೆರಳು ಹದಗೊಳ್ಳಬೇಕಾದುದೇಕೆ. ಕರೆದರೆ ತಿರುಗದ ಮಗು ಮೊಂಡನೋ ಕಿವಿ ಕೇಳದ್ದೋ ಎಂದು ಗುರುತಿಸುವುದು ಹೇಗೆ? ಬಹುಕಾಲ ಫ್ಲೋರೈಡು ಬೆರೆತ ಕೊಳವೆಬಾವಿಯ ನೀರನ್ನು ಕುಡಿದ ಪಾವಗಡದಂತಹ ಸೀಮೆಯಲ್ಲಿ ಮಗುವಿನ ಹಲ್ಲು ಮತ್ತು ಕಾಲುಗಳ ಮೇಲೆ ಕಣ್ಣಿಡುವುದೂ ಈ ವಿದ್ಯೆಗೆ ಸೇರಿದ್ದೇ. ಇವೆಲ್ಲವನ್ನೂ ಪುಸ್ತಕದಲ್ಲಿ ಬರೆಯಬಹುದು, ಆದರೆ ಪುಸ್ತಕದಿಂದ ಕಲಿಯಲಾಗದು. ಬಲ್ಲವಳೊಬ್ಬಳು ಮಾಡುತ್ತಿರುವಾಗ ನೋಡಿದಾಗಲೇ ಅವು ಕೈಗೆ ಬರುತ್ತವೆ.

ಇದರ ಮೇಲೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇನ್ನೊಂದು ವಿಶೇಷವುಂಟು. ಪಾವಗಡದ ಬಹುಪಾಲು ಸುತ್ತಲೂ ಆಂಧ್ರದ ನೆಲವಿರುವುದರಿಂದ ಅಲ್ಲಿನ ಎಷ್ಟೋ ಮನೆಗಳಲ್ಲಿ ಮಗು ಮೊದಲು ನುಡಿಯುವುದು ತೆಲುಗಿನಲ್ಲಿ. ಮೊಗಲರ ಸುಬೆಯ ರಾಜಧಾನಿಯಾಗಿದ್ದ ಸಿರಾದ ಕೇರಿಗಳಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ ಮಾತು. ಗೊಲ್ಲರಹಟ್ಟಿಗಳಲ್ಲಿ ಅವರದೇ ಆದ ನಡೆನುಡಿ. ಕನ್ನಡವೇ ಈ ನಾಡಿನ ಮಕ್ಕಳ ಕಲಿಕೆಯ ಭಾಷೆಯಾಗಬೇಕೆಂಬ ವಿಷಯದಲ್ಲಿ ನಮಗೆ ಎರಡನೆಯ ಅಭಿಪ್ರಾಯವಿಲ್ಲ. ಆದರೆ ತೆಲುಗಿನಲ್ಲಿ ಅಳುವ ಮೂರು ವರ್ಷದ ಮಗುವನ್ನು ಕನ್ನಡದಲ್ಲಿ ಗದರಿಸಿದರೆ ಅದು ಕನ್ನಡವನ್ನು ಕಲಿಯುವುದಿಲ್ಲ, ಕನ್ನಡಕ್ಕೆ ಹೆದರುವುದನ್ನು ಕಲಿಯುತ್ತದೆ. ಮಗುವನ್ನು ಅದರ ಮಾತಿನಲ್ಲಿಯೇ ಸಂತೈಸಿ, ಹಾಡಿನ ಮೂಲಕ, ಆಟದ ಮೂಲಕ, ಊಟದ ತಟ್ಟೆಯ ಮುಂದೆ ಒಂದೊಂದೇ ಕನ್ನಡದ ಹೆಸರನ್ನು ಸೇರಿಸುತ್ತ ಬರುವ ಕಾರ್ಯಕರ್ತೆಯರು ಗಡಿಸೀಮೆಗೆ ಬೇಕು. ಕನ್ನಡದ ಗಡಿ ಉಳಿಯುವುದು ಕಲ್ಲು ನೆಡುವುದರಿಂದ ಮಾತ್ರವಲ್ಲ, ಇಂತಹ ಹೆಂಗಸರಿಂದಲೂ ಉಳಿಯುತ್ತದೆ. ಈ ನಯವನ್ನು ಅವರಿಗೆ ಯಾವ ತರಬೇತಿಯಲ್ಲಿ ಯಾರು ಹೇಳಿಕೊಡುತ್ತಾರೆ?

ತರಬೇತು ಇಲ್ಲವೇ ಇಲ್ಲವೆಂದು ನಾವು ಹೇಳುವುದಿಲ್ಲ. ಯೋಜನೆಯ ಕ್ರಮದಲ್ಲಿ ಕಾರ್ಯಕರ್ತೆಗೆ ೨೬ ಕೆಲಸದ ದಿನಗಳ ಉದ್ಯೋಗ ತರಬೇತಿಯೂ, ಸಹಾಯಕಿಗೆ ೫ ದಿನಗಳ ಪರಿಚಯ ತರಬೇತಿಯೂ ಗೊತ್ತಾಗಿದ್ದವು. ಆ ೨೬ ದಿನಗಳಲ್ಲಿಯೇ ಆರು ಸೇವೆಗಳನ್ನೂ ವಹಿಗಳನ್ನೂ ಕಲಿಯಬೇಕು. ನಮ್ಮ ರಾಜ್ಯದ ಇಲಾಖೆಯು ‘ಚಿಲಿಪಿಲಿ’ ಎಂಬ ಹೆಸರಿನ ಚಟುವಟಿಕೆಯ ಪಠ್ಯವನ್ನು ಅಂಗನವಾಡಿಗಳಿಗೆ ಕೊಟ್ಟಿರುವುದು ಶ್ಲಾಘನೀಯ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು, ಹನ್ನೆರಡನೆಯ ತರಗತಿ ಮುಗಿಸಿದ ಕಾರ್ಯಕರ್ತೆಗೆ ಆರು ತಿಂಗಳ ಪ್ರಮಾಣಪತ್ರ ಶಿಕ್ಷಣವನ್ನೂ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ, ದುಡಿಮೆಗೆ ಅಡ್ಡಿಯಾಗದಂತೆ ಕೊಡಬೇಕೆಂದು ಹೇಳಿತು. ತಿಂಗಳಿಗೆ ಒಮ್ಮೆಯಾದರೂ ಮುಖಾಮುಖಿ ತರಗತಿ ನಡೆಯಬೇಕೆಂದೂ ಹೇಳಿತು. ೨೦೨೩ನೆಯ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ‘ಪೋಷಣ್ ಭೀ ಪಢಾಯೀ ಭೀ’ ಎಂಬ ಕಾರ್ಯಕ್ರಮವನ್ನು ತೊಡಗಿ, ಅನ್ನದೊಡನೆ ಅಕ್ಷರವೂ ಇರಲೆಂದಿತು. ಅದರಂತೆ ದಿನಕ್ಕೆ ಎರಡು ಗಂಟೆಗಳಾದರೂ ಶಾಲಾಪೂರ್ವ ಶಿಕ್ಷಣ ನಡೆಯಬೇಕು.

ಕಾಗದದ ಮೇಲೆ ಇದೆಲ್ಲವೂ ಸರಿಯೇ. ಆದರೆ ದೂರದರ್ಶನದ ವಾಹಿನಿಯಿಂದಲೂ ಕೈಯಲ್ಲಿರುವ ಫೋನಿನಿಂದಲೂ ಬರುವ ಪಾಠವು ಮಗು ಅತ್ತಾಗ ಪಕ್ಕದಲ್ಲಿ ನಿಂತಿರುವುದಿಲ್ಲ. ಆ ಎರಡು ಗಂಟೆಗಳಲ್ಲಿಯೇ ಕಾರ್ಯಕರ್ತೆಯು ತೂಕ ಬರೆಯಬೇಕು, ೨೦೨೧ರಲ್ಲಿ ಬಂದ ಪೋಷಣ್ ಟ್ರ್ಯಾಕರಿನಲ್ಲಿ ಹಾಜರಿಯನ್ನೂ ಆಹಾರದ ಲೆಕ್ಕವನ್ನೂ ತುಂಬಬೇಕು, ಬಾಗಿಲಿಗೆ ಬಂದ ಗರ್ಭಿಣಿಗೆ ಉತ್ತರ ಹೇಳಬೇಕು, ಸಮೀಕ್ಷೆಗೋ ಸಭೆಗೋ ಕರೆ ಬಂದರೆ ಬೀಗ ಹಾಕದೆ ಹೊರಡಬೇಕು. ಆಗ ಮಕ್ಕಳ ಬಳಿಯಲ್ಲಿ ಉಳಿಯುವವಳು ಯಾರು? ಸಹಾಯಕಿ, ಊರಿನವರ ಬಾಯಲ್ಲಿ ಆಯಮ್ಮ.

ನಮ್ಮ ಲೇಖನದ ಮುಖ್ಯ ಅಭಿಪ್ರಾಯವಿರುವುದು ಇಲ್ಲಿಯೇ. ಸಹಾಯಕಿಯು ನಿಜವಾಗಿ ಈ ಶಿಶುವಿಹಾರದ ಉಮೇದುವಾರಳು. ೨೦೨೨ರ ಸಕ್ಷಮ ಅಂಗನವಾಡಿ ಯೋಜನೆಯ ನಿಯಮಗಳಂತೆ, ಐದು ವರ್ಷ ಸೇವೆ ಸಲ್ಲಿಸಿ ಬೇಕಾದ ಅರ್ಹತೆಯನ್ನು ಪಡೆದ ಸಹಾಯಕಿಯರಿಂದಲೇ ಕಾರ್ಯಕರ್ತೆಯರ ಹುದ್ದೆಗಳಲ್ಲಿ ಶೇಕಡ ೫೦ನ್ನು ತುಂಬತಕ್ಕದ್ದು. ಅದೇ ರೀತಿ ಕಾರ್ಯಕರ್ತೆಯರಿಂದ ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಅರ್ಧವನ್ನು ತುಂಬತಕ್ಕದ್ದು. ಇದು ಒಳ್ಳೆಯ ನಿಯಮ. ಕಸ ಗುಡಿಸುವವಳು ಜೀವಮಾನವೆಲ್ಲ ಕಸವನ್ನೇ ಗುಡಿಸಬೇಕಾಗಿಲ್ಲವೆಂದು ಅದು ಹೇಳಿತು. ಆದರೆ ಆ ಐದು ವರ್ಷಗಳಲ್ಲಿ ಆಕೆ ಏನನ್ನು ಕಲಿಯಬೇಕೆಂಬುದನ್ನು ಅದೇ ಕಟ್ಟುನಿಟ್ಟಿನಿಂದ ಗೊತ್ತುಮಾಡಲಿಲ್ಲ. ಆಕೆಯ ಪಾಲಿಗೆ ಬಂದಿರುವುದು ಒಲೆ, ಪಾತ್ರೆ, ಪೊರಕೆ, ನೀರು, ಮತ್ತು ಮಕ್ಕಳನ್ನು ಮನೆಯಿಂದ ಕರೆತರುವ ಕೆಲಸ. ಐದು ವರ್ಷ ಅಡಿಗೆ ಮಾಡಿದವಳು ಆರನೆಯ ವರ್ಷ ಗುರುವಾಗುತ್ತಾಳೆ. ಐದು ವರ್ಷ ಕಚೇರಿಯ ಬಾಗಿಲು ಕಾದವನನ್ನು ಆರನೆಯ ವರ್ಷ ಲೆಕ್ಕ ತಪಾಸಣೆಗೆ ಕೂರಿಸಿದರೆ ನಮ್ಮ ಅಧಿಕಾರಿ ವಾಚಕರು ಒಪ್ಪುವರೆ? ಮಕ್ಕಳ ವಿಷಯದಲ್ಲಿ ಮಾತ್ರ ನಾವು ಒಪ್ಪಿಕೊಂಡಿದ್ದೇವೆ. ಏಕೆಂದರೆ ಮೂರು ವರ್ಷದ ಮಗು ದೂರು ಬರೆಯುವುದಿಲ್ಲ.

ಎರಡನೆಯ ಕೈಯೊಂದು ಪಾಠಕ್ಕೆ ದೊರೆತರೆ ಏನಾದೀತೆಂಬುದನ್ನು ನೆರೆಯ ತಮಿಳುನಾಡಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಂಗಡಿಗರು ೩೨೦ ಅಂಗನವಾಡಿಗಳನ್ನು ಆರಿಸಿ, ಅವುಗಳಲ್ಲಿ ಅರ್ಧದಷ್ಟಕ್ಕೆ ಶಿಕ್ಷಣದ ಕೆಲಸಕ್ಕಾಗಿಯೇ ಅರ್ಧದಿನದ ಒಬ್ಬ ಹೆಚ್ಚಿನ ಕೆಲಸಗಾರ್ತಿಯನ್ನು ಒದಗಿಸಿದರು. ಪಾಠಕ್ಕೆ ದೊರೆಯುವ ಕಾಲವು ಇಮ್ಮಡಿಯಾಯಿತು. ಮಕ್ಕಳ ಎಣಿಕೆಯೂ ಮಾತೂ ಸುಧಾರಿಸಿದವು. ಅಷ್ಟೇ ಅಲ್ಲ, ಹಳೆಯ ಕಾರ್ಯಕರ್ತೆಗೆ ಆರೋಗ್ಯದ ಕೆಲಸಕ್ಕೆ ಬಿಡುವು ದೊರೆತುದರಿಂದ ತೀವ್ರ ಅಪೌಷ್ಟಿಕತೆಯೂ ಕುಗ್ಗಿತು. ಅಮೆರಿಕದ ಮಿಚಿಗನ್ ಪ್ರಾಂತದ ಇಪ್ಸಿಲಾಂಟಿಯಲ್ಲಿ ೧೯೬೨ರಲ್ಲಿ ಆರಂಭವಾದ ಪೆರಿ ಶಿಶುಶಾಲೆಯ ಪ್ರಯೋಗವು ೧೨೩ ಬಡ ಮಕ್ಕಳನ್ನು ಅವರ ನಾಲ್ವತ್ತನೆಯ ವಯಸ್ಸಿನವರೆಗೂ ಹಿಂಬಾಲಿಸಿತು. ಶಿಶುಶಾಲೆಗೆ ಹೋದವರು ಹೋಗದವರಿಗಿಂತ ಹೆಚ್ಚು ಓದಿದರು, ಹೆಚ್ಚು ಗಳಿಸಿದರು, ಅಪರಾಧಗಳಲ್ಲಿ ಕಡಿಮೆ ಸಿಕ್ಕಿಬಿದ್ದರು. ಅಲ್ಲಿನ ಉಪಾಧ್ಯಾಯಿನಿಯರು ತರಬೇತು ಪಡೆದವರಾಗಿದ್ದರೆಂಬುದನ್ನೂ, ಒಬ್ಬೊಬ್ಬರ ವಶದಲ್ಲಿ ಐದಾರು ಮಕ್ಕಳು ಮಾತ್ರವಿದ್ದರೆಂಬುದನ್ನೂ ಮರೆಯಬಾರದು.

ಇಂಗ್ಲೆಂಡಿನಲ್ಲಿ ಶಿಶುಶಾಲೆಯ ಶಿಕ್ಷಕಿಯಾಗಬಯಸುವ ತರುಣಿಯು ಅಪ್ರೆಂಟಿಸಳಾಗಿ ಶಿಶುಶಾಲೆಯಲ್ಲಿಯೇ ಸಂಬಳ ಪಡೆದು ದುಡಿಯುತ್ತ, ದುಡಿಮೆಯ ಕಾಲದಲ್ಲಿಯೇ ಒಂದು ಭಾಗವನ್ನು ಅಧ್ಯಯನಕ್ಕೆ ಪಡೆದು, ಕೊನೆಗೆ ಪರೀಕ್ಷಕರ ಮುಂದೆ ತನ್ನ ಕೆಲಸವನ್ನು ತೋರಿಸಿ ಅರ್ಹತೆ ಪಡೆಯುವ ಕ್ರಮವಿದೆ. ಮೂರು ವರ್ಷ ಮೀರಿದ ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ಎಂಟು ಮಕ್ಕಳಿಗೆ ಒಬ್ಬರು ಇರಬೇಕೆಂಬುದು ಅಲ್ಲಿನ ನಿಯಮ. ಆ ದೇಶದ ಐಶ್ವರ್ಯ ನಮಗಿಲ್ಲ, ನಿಜ. ಆದರೆ ದುಡಿಯುತ್ತಲೇ ಕಲಿಯುವ ತತ್ತ್ವವು ಐಶ್ವರ್ಯದಿಂದ ಹುಟ್ಟಿದ್ದಲ್ಲ. ಅದು ನಮ್ಮ ನೇಕಾರನ ಮಗ್ಗದಲ್ಲಿಯೂ ಇದ್ದ ತತ್ತ್ವವೇ.

ಸಂಬಳದ ಮಾತನ್ನು ಬಿಟ್ಟು ತರಬೇತಿನ ಮಾತನ್ನಾಡುವುದು ನ್ಯಾಯವಲ್ಲ. ೨೦೧೮ನೆಯ ಅಕ್ಟೋಬರಿನಿಂದ ಕೇಂದ್ರವು ಗೊತ್ತುಮಾಡಿದ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ ೪,೫೦೦ ರೂಪಾಯಿ, ಸಹಾಯಕಿಗೆ ೨,೨೫೦ ರೂಪಾಯಿ. ರಾಜ್ಯವು ಇದಕ್ಕೆ ತನ್ನ ಕಡೆಯಿಂದ ಕೂಡಿಸಿ ಕೊಡುತ್ತ ಬಂದಿದೆ. ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ, ಅಂಗನವಾಡಿಯವರು ಸರ್ಕಾರಿ ಹುದ್ದೆಯನ್ನು ಹೊಂದಿದವರಲ್ಲವೆಂದು ತೀರ್ಪಿತ್ತಿತು. ೨೦೨೨ನೆಯ ಏಪ್ರಿಲ್ ೨೫ರಂದು ಗುಜರಾತಿನ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ಅವರಿಗೆ ಉಪದಾನದ ಹಕ್ಕುಂಟೆಂದು ಹೇಳಿ, ಅವರ ದುಡಿಮೆಯನ್ನು ಬಿಡುವಿನ ಸೇವೆಯೆಂದು ತಳ್ಳಿಹಾಕಲಾಗದೆಂದೂ, ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣದ ಕಾರ್ಯವೂ ಹೌದೆಂದೂ ಗಮನಿಸಿತು. ಗುರುವೆಂದು ಕರೆಯುವುದಾದರೆ ಗುರುವಿಗೆ ತಕ್ಕ ವೇತನವನ್ನೂ ಕೊಡಬೇಕು. ವೇತನವಿಲ್ಲದೆ ಕಲಿಕೆಯ ಹೊರೆಯನ್ನು ಮಾತ್ರ ಹೇರಿದರೆ ಅದು ಉಮೇದುವಾರಿಯಲ್ಲ, ಬಿಟ್ಟಿ.

ಇನ್ನೊಂದು ಕಡೆಯಿಂದ ಬರುತ್ತಿರುವ ಅಪಾಯವನ್ನೂ ಹೇಳಬೇಕಾಗಿದೆ. ಪೇಟೆಗಳಲ್ಲಿ ಖಾಸಗಿ ನರ್ಸರಿಗಳು ಹೆಚ್ಚಿವೆ. ನಾಲ್ಕು ವರ್ಷದ ಮಗುವಿಗೆ ಟೈ ಕಟ್ಟಿ, ಇಂಗ್ಲಿಷ್ ಅಕ್ಷರಗಳನ್ನು ಪುಟಗಟ್ಟಲೆ ತೀಡಿಸುವುದನ್ನು ವಿದ್ಯೆಯೆಂದು ನಂಬಿ, ಕೂಲಿಯವನೂ ಸಾಲ ಮಾಡಿ ಶುಲ್ಕ ಕಟ್ಟುತ್ತಾನೆ. ಅಲ್ಲಿನ ಉಪಾಧ್ಯಾಯಿನಿಗೆ ಯಾವ ತರಬೇತಾಗಿದೆಯೆಂದು ಕೇಳುವ ತಂದೆಗಳು ವಿರಳ. ಅಂಗನವಾಡಿಯಲ್ಲಿ ಪಾಠ ಚೆನ್ನಾಗಿ ನಡೆಯದಿದ್ದರೆ ಉಳ್ಳವರು ಮೊದಲು ಹೊರಡುತ್ತಾರೆ, ಅವರ ಹಿಂದೆ ಸಾಲಗಾರರು ಹೊರಡುತ್ತಾರೆ. ಕೊನೆಗೆ ಅಲ್ಲಿ ಉಳಿಯುವುದು ಕೇಳುವವರಿಲ್ಲದವರ ಮಕ್ಕಳು. ಬೋರ್ಡಿಯಲ್ಲಿ ಎಲ್ಲ ಕೇರಿಗಳ ಮಕ್ಕಳನ್ನೂ ಕೂಡಿಸಲೆಂದು ಹುಟ್ಟಿದ ಸಂಸ್ಥೆಯು ಹೀಗೆ ಕೇರಿಗಳನ್ನು ಬೇರ್ಪಡಿಸುವ ಸಾಧನವಾಗುವುದನ್ನು ನಾವು ನೋಡುತ್ತ ಕುಳಿತಿರಬೇಕೆ?

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ, ಹೊಸ ಕಾಯಿದೆಯ ಅವಶ್ಯಕತೆಯಿಲ್ಲದೆ ಮಾಡಬಹುದಾದ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ.

ಮೊದಲನೆಯದಾಗಿ, ಪ್ರತಿಯೊಬ್ಬ ಮೇಲ್ವಿಚಾರಕಿಯ ವಲಯದಲ್ಲಿಯೂ ಪಾಠ ಚೆನ್ನಾಗಿ ನಡೆಯುವ ಒಂದು ಕೇಂದ್ರವನ್ನು ಗುರುಮನೆಯೆಂದು ಆರಿಸಬೇಕು. ಹೊಸದಾಗಿ ಸೇರಿದ ಸಹಾಯಕಿ ಮತ್ತು ಕಾರ್ಯಕರ್ತೆಯರು ತಮ್ಮ ಕೇಂದ್ರಕ್ಕೆ ಹೋಗುವ ಮೊದಲು ಒಂದು ತಿಂಗಳಾದರೂ ಅಲ್ಲಿ ಇರಬೇಕು. ಕಲಿಸುವ ಹಿರಿಯ ಕಾರ್ಯಕರ್ತೆಗೆ ಅದಕ್ಕಾಗಿ ಬೇರೆ ಗೌರವಧನ ಸಲ್ಲಬೇಕು. ಪಾವಗಡದ ಗುರುಮನೆಯು ತೆಲುಗು ಮನೆಮಾತಿನ ಮಕ್ಕಳಿರುವ ಊರಿನಲ್ಲಿಯೂ, ಸಿರಾದ್ದು ಉರ್ದು ಮಾತಿನ ಕೇರಿಯಲ್ಲಿಯೂ ಇರುವುದು ಲೇಸು.

ಎರಡನೆಯದಾಗಿ, ಪಾಠದ ಎರಡು ಗಂಟೆಗಳಲ್ಲಿ ಸಹಾಯಕಿಯು ದಿನಕ್ಕೆ ಅರ್ಧ ಗಂಟೆಯಾದರೂ ಒಲೆಯನ್ನು ಬಿಟ್ಟು ಮಕ್ಕಳ ನಡುವೆ ಕುಳಿತು, ಒಂದು ಕಥೆಯನ್ನೋ ಆಟವನ್ನೋ ತಾನೇ ನಡೆಸಬೇಕು. ಇದಕ್ಕಾಗಿ ಬೆಳಗಿನ ಅಡಿಗೆಯ ಹೊತ್ತನ್ನು ಹಿಂದುಮುಂದು ಮಾಡುವುದು ಕಷ್ಟವಲ್ಲ. ಬಾಲವಿಕಾಸ ಸಮಿತಿಯ ತಾಯಂದಿರು ಸರದಿಯ ಮೇಲೆ ನೆರವಾಗಬಹುದು.

ಮೂರನೆಯದಾಗಿ, ಐದು ವರ್ಷಗಳ ಆ ಕಲಿಕೆಗೆ ಒಂದು ವಹಿ ಇರಲಿ. ಆಕೆ ಯಾವ ಹಾಡು, ಯಾವ ಕಥೆ, ಯಾವ ಆಟವನ್ನು ನಡೆಸಬಲ್ಲಳು, ಮಗುವಿನ ಯಾವ ತೊಂದರೆಯನ್ನು ಗುರುತಿಸಬಲ್ಲಳು ಎಂಬುದನ್ನು ಮೇಲ್ವಿಚಾರಕಿಯು ಕಣ್ಣಾರೆ ನೋಡಿ ಬರೆಯಲಿ. ಬಡ್ತಿಯ ಕಾಲದಲ್ಲಿ ಪರೀಕ್ಷೆಯ ಅಂಕಗಳೊಡನೆ ಆ ವಹಿಯನ್ನೂ ನೋಡಲಿ.

ನಾಲ್ಕನೆಯದಾಗಿ, ರಾಜ್ಯದ ೨೦೨೩–೨೪ರ ಆಯವ್ಯಯದಲ್ಲಿ ೪,೦೦೦ ಗ್ರಾಮಪಂಚಾಯಿತಿಗಳಲ್ಲಿ ತೆರೆಯುವುದಾಗಿ ಸಾರಿದ ಕೂಸಿನ ಮನೆಗಳ ಆರೈಕೆದಾರರನ್ನೂ ಈ ಕ್ರಮದೊಳಕ್ಕೆ ತರಬೇಕು. ಕೂಲಿಯ ದಿನಗಳ ಲೆಕ್ಕಕ್ಕೆ ಕಟ್ಟುಬಿದ್ದು ಆರೈಕೆದಾರರು ಬದಲಾಗುತ್ತ ಹೋದರೆ ಕಲಿತ ಕೈ ಹೊರಕ್ಕೆ ಹೋಗುತ್ತದೆ, ಕೂಸು ಮತ್ತೊಂದು ಹೊಸ ಮುಖವನ್ನು ನೋಡಿ ಅಳುತ್ತದೆ. ಅನುಭವ ಪಡೆದವರಿಗೆ ಸಹಾಯಕಿಯ ಹುದ್ದೆಯಲ್ಲಿ ಮೊದಲ ಮನ್ನಣೆ ದೊರೆತರೆ ಕೂಸಿನ ಮನೆಯಿಂದ ಅಂಗನವಾಡಿಗೆ, ಸಹಾಯಕಿಯಿಂದ ಕಾರ್ಯಕರ್ತೆಗೆ, ಕಾರ್ಯಕರ್ತೆಯಿಂದ ಮೇಲ್ವಿಚಾರಕಿಗೆ ಏರುವ ಮೆಟ್ಟಿಲುಗಳು ಪೂರ್ಣವಾದಾವು.

ಪಟ್ಟಣದ ಮಹನೀಯರು ಇದನ್ನು ಸರ್ಕಾರದ ಕೆಲಸವೆಂದು ಬಿಟ್ಟುಬಿಡಬಾರದು. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ತನಿಖೆಗೆ ಹೋದಾಗ ವಹಿಯನ್ನು ಕೇಳುವ ಮೊದಲು ಒಂದು ಹಾಡನ್ನು ಕೇಳಲಿ. ಕೋಣೆಯ ಮೂಲೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಲಿ. ಪಂಚಾಯಿತಿಯ ಸದಸ್ಯರು ಸಭೆ ಸಮೀಕ್ಷೆಗಳಿಗೆ ಕಾರ್ಯಕರ್ತೆಯನ್ನು ಪಾಠದ ಹೊತ್ತಿನಲ್ಲಿ ಕರೆಯದಿರಲಿ. ನಿವೃತ್ತ ಉಪಾಧ್ಯಾಯರು ಮತ್ತು ಕಥೆ ಬಲ್ಲ ಮುದುಕಿಯರು ವಾರಕ್ಕೊಮ್ಮೆ ಹತ್ತಿರದ ಅಂಗನವಾಡಿಗೆ ಹೋಗಲಿ. ವರ್ತಕರು ಜಾತ್ರೆಯ ದೀಪಾಲಂಕಾರಕ್ಕೆ ಕೊಡುವ ಹಣದಲ್ಲಿ ಒಂದು ಅಂಶವನ್ನು ಮರದ ಆಟಿಕೆಗಳಿಗೂ ಚಿತ್ರಪುಸ್ತಕಗಳಿಗೂ ತೆಗೆದಿಡಲಿ.

ಮೆದುಳಿನ ಬೆಳವಣಿಗೆಯಲ್ಲಿ ಶೇಕಡ ೮೫ಕ್ಕೂ ಮೀರಿದ ಪಾಲು ಆರು ವರ್ಷ ತುಂಬುವುದರೊಳಗೆ ಆಗಿಹೋಗುತ್ತದೆಂದು ೨೦೨೦ರ ನೀತಿಯೇ ಹೇಳಿದೆ. ಆ ಆರು ವರ್ಷಗಳನ್ನು ನಾವು ಯಾರ ಕೈಗೆ ಒಪ್ಪಿಸಿದ್ದೇವೆಯೋ ಅವರಿಗೆ ೨೬ ದಿನಗಳನ್ನೂ ೫ ದಿನಗಳನ್ನೂ ಕೊಟ್ಟು ತೃಪ್ತರಾಗಿದ್ದೇವೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಷ್ಟನೆಯ ಸ್ಥಾನದಲ್ಲಿದೆಯೆಂದು ಎಲ್ಲರೂ ವಿಚಾರಿಸುತ್ತಾರೆ. ಆ ಸ್ಥಾನದ ತಳಪಾಯ ಹನ್ನೆರಡು ವರ್ಷಗಳ ಹಿಂದೆ, ಒಂದು ಹಟ್ಟಿಯ ಕಿರುಕೋಣೆಯಲ್ಲಿ, ಗೌರವಧನದ ಹೆಂಗಸೊಬ್ಬಳ ಮುಂದೆ ಬಿದ್ದಿತ್ತೆಂಬುದನ್ನು ಆ ದಿನ ನೆನೆಯುವವರಿಲ್ಲ. ಆ ಹೆಂಗಸಿಗೆ ಕಲಿಯಲು ಒಬ್ಬ ಗುರುವನ್ನೂ ಕಲಿಯುವುದಕ್ಕೆ ಬಿಡುವನ್ನೂ ಕಲಿತುದಕ್ಕೆ ಮನ್ನಣೆಯನ್ನೂ ಒದಗಿಸಬೇಕೆಂದು ಜಿಲ್ಲೆಯ ಅಧಿಕಾರಿಗಳನ್ನೂ ಈ ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳನ್ನೂ ನಾವು ಆಗ್ರಹಪೂರ್ವಕವಾಗಿ ಪ್ರಾರ್ಥಿಸುತ್ತೇವೆ.